ಬೆಳ್ಳುಳ್ಳಿ ಹೊಗದ ಅಡುಗೆಮನೆ

“ಬಾಯಿಗೆ ಹಚ್ಚಬ್ಯಾಡ್ರಿ. ದೂರಿಂದ ಬರೇ ವಾಸನಿ ತಗೊಳ್ರಿ.”

ಹೀಗೆಂದು ಸಬ್‌ಇನ್‌ಸ್ಪೆಕ್ಟರ್ ಶ್ರದ್ಧಾ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಪೊಲೀಸಿನವಳೇ ಹಿಂದೆ ಸರಿದ ಮೇಲೆ ಉಳಿದವರ ಗತಿ ಏನು ಹೇಳಿ. ಮನೀಷಾ ಪ್ಯಾಕೆಟ್ಟಿನ ಮೇಲೇ ಕಣ್ಣಿಟ್ಟಳು.

ತಾನೇ ಹುರಿದು, ತಾನೇ ಕುಟ್ಟಿ, ತಾನೇ ತೂಗಿ ಮಾರಿದ ಶೇಂಗಾ ಚಟ್ನಿ. ಮೇಲೆ ಕೆಂಪು ಅಕ್ಷರದ ಸ್ಟಿಕ್ಕರು, ಅದರಲ್ಲಿ ಅವಳ ಹೆಸರು, ಹೆಸರಿನ ಕೆಳಗೆ ಸರಕಾರ ಕೊಟ್ಟ ಉದ್ದನೆಯ ನೋಂದಣಿ ನಂಬರು. ಆ ನಂಬರು ಬಂದ ದಿನ ಇಡೀ ಓಣಿಗೆ ಪೇಢೆ ಹಂಚಿದ್ದಳು. ಈಗ ಅದೇ ನಂಬರು ಕೊರಳಿಗೆ ಸುತ್ತಿಕೊಂಡಿತ್ತು. ಯಾಕೆಂದರೆ ಈ ಚಟ್ನಿ ತಿಂದು ಆಸ್ಪತ್ರೆ ಸೇರಿದ್ದ ಅಕ್ಕಲಕೋಟದ ಅಂಗಡಿಕಾರ ಕಲ್ಯಾಣಪ್ಪ ನಿನ್ನೆ ಸಂಜೆ ತೀರಿಕೊಂಡಿದ್ದ. ನಿನ್ನೆಯವರೆಗೆ ಹೊಟ್ಟೆ ಕೆಟ್ಟ ಕೇಸು, ಇವತ್ತು ಸಾವಿನ ಕೇಸು.

ಲ್ಯಾಬಿಗೆ ಹೋದ ಪ್ಯಾಕೆಟ್ಟು ಬೇರೆ, ಇದು ಕಲ್ಯಾಣಪ್ಪನ ಅಂಗಡಿಯಲ್ಲಿ ಅದೇ ಪೆಟ್ಟಿಗೆಯೊಳಗೆ ಸಿಕ್ಕ ಇನ್ನೊಂದು ಎಂದು ಶ್ರದ್ಧಾ ತಿಳಿಸಿದಳು. ಮನೀಷಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಗ್ಗಿದಳು. ಒಮ್ಮೆ ಉಸಿರು ಎಳೆದಳು. ಮತ್ತೊಮ್ಮೆ ಎಳೆದಳು. ನೆಟ್ಟಗೆ ನಿಂತಾಗ ಅವಳ ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು.

“ಮೇಡಂ, ಇದು ನಮ್ಮದಲ್ಲ್ರಿ.”

“ಸ್ಟಿಕ್ಕರ ನಿಮ್ಮದ ಅದಲ್ಲ?”

“ಸ್ಟಿಕ್ಕರ ನಮ್ಮದು. ಒಳಗಿಂದು ನಮ್ಮದಲ್ಲ. ಇದು ಬಳ್ಳೊಳ್ಳಿ ವಾಸನಿ ಹೊಡ್ಯಾಕತ್ತದ.”

ಶ್ರದ್ಧಾ ಮಾಸ್ಕು ಸರಿಸಿ ತಾನೂ ಬಗ್ಗಿ ನೋಡಿದಳು. ಹೌದು, ಸಣ್ಣಗೆ ಬೆಳ್ಳುಳ್ಳಿಯ ಘಾಟು. ಸೊಲ್ಲಾಪುರದ ಶೇಂಗಾ ಚಟ್ನಿಯಲ್ಲಿ ಬೆಳ್ಳುಳ್ಳಿ ಇರದೆ ಇನ್ನೇನಿರುತ್ತದೆ ಎಂದು ಅವಳ ಹುಬ್ಬು ಮೇಲೇರಿತು.

ಮನೀಷಾ ಗಡಬಡಿಸಿ ಹೇಳಿದಳು. ಈ ಮನೆಯವರು ಮೈಲಾರಲಿಂಗನ ಒಕ್ಕಲು. ಆಷಾಢ ಏಕಾದಶಿ ಬಂತೆಂದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬದನೆಕಾಯಿ ಮೂರೂ ಹೊಸ್ತಿಲ ಆಚೆ. ಮತ್ತೆ ಒಳಗೆ ಬರುವುದು ಮಾರ್ಗಶಿರದ ಚಂಪಾಷಷ್ಠಿಗೆ, ದೇವರಿಗೆ ಬದನೆಕಾಯಿ ಭರ್ತದ ನೈವೇದ್ಯವಾದ ಮೇಲೆ. ಇನ್ನೂ ಕಾರ್ತಿಕ ನಡೆದಿದೆ. ಇಷ್ಟು ತಿಂಗಳೂ ಮಾರುವ ಚಟ್ನಿಗೂ ಬೆಳ್ಳುಳ್ಳಿ ಹಾಕಿಲ್ಲ. ವ್ಯಾಪಾರ ಕಡಿಮೆಯಾಗುತ್ತದೆ ಎಂದು ಗಂಡ ಶೈಲೇಶ ಗೊಣಗಿದರೂ ಅತ್ತೆ ನೀಲಾಬಾಯಿ ಕೇಳಿಲ್ಲ. ಸ್ಟಿಕ್ಕರೂ ಅದಕ್ಕೆ ತಕ್ಕಂತೆ ಬೇರೆ ಹೊಡೆಸಿದ್ದಾರೆ: ಶೇಂಗಾ, ಖಾರ, ಜೀರಿಗೆ, ಉಪ್ಪು, ಅಷ್ಟೇ.

ಶ್ರದ್ಧಾ ಬರೀ ಮಾತು ನಂಬುವವರ ಪೈಕಿ ಅಲ್ಲ. ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದಳು. ಕಪಾಟಿನ ಹಿಂದೆ ಬ್ಯಾಟರಿ ಬಿಟ್ಟಳು. ಕೊನೆಗೆ ಮೂಲೆಯ ಕಲ್ಲಿನ ಒರಳಿನ ಮುಂದೆ ಮೊಣಕಾಲೂರಿ ಅದರ ಗುಂಡಿಗೆ ಮೂಗು ಇಳಿಸಿದಳು. ಬೆಳ್ಳುಳ್ಳಿ ಜಜ್ಜಿದ ಕಲ್ಲನ್ನು ಎಷ್ಟು ತಿಕ್ಕಿದರೂ ವಾಸನೆ ಬಿಡದು. ಇಲ್ಲಿ ಶೇಂಗಾ ಎಣ್ಣೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಮನೀಷಾ ಒಳಗೊಳಗೇ ಮೈಲಾರನಿಗೆ ಕೈ ಮುಗಿದಳು. ಅವಸರ ಮಾಡಿದಳು, ಪಾಪ.

“ಇದು ನಿಮಗ ಇನ್ನಾ ತ್ರಾಸದ ಮಾತು” ಎಂದಳು ಶ್ರದ್ಧಾ, ಮೊಣಕಾಲು ಝಾಡಿಸಿಕೊಂಡು ಏಳುತ್ತ. “ಕಾಗದದ ಮ್ಯಾಲ ಬಳ್ಳೊಳ್ಳಿ ಇಲ್ಲ, ಒಳಗ ಅದ. ಅಂದ್ರ ಒಂದೋ ನೀವು ಸುಳ್ಳು ಬರದೀರಿ. ಇಲ್ಲಾ ನಿಮ್ಮ ಸ್ಟಿಕ್ಕರ ಬ್ಯಾರೆ ಅಡಗಿಮನಿಗೆ ಹೋಗ್ಯದ. ಯಾವುದು ಖರೇ?”

ನಿಯಮ ಮನೀಷಾಳಿಗೆ ಬಾಯಿಪಾಠ. ನೋಂದಣಿ ಸಿಕ್ಕುವುದು ಮನುಷ್ಯರ ಕೈರುಚಿಗಲ್ಲ, ಆ ಒಂದು ಅಡುಗೆಮನೆಗೆ. ಆ ಗೋಡೆಗಳ ಒಳಗೆ ಮಾಡಿದ್ದಕ್ಕೆ ಮಾತ್ರ ಆ ನಂಬರು ಹಚ್ಚಬೇಕು. ಆಚೆ ಮನೆಯ ಒಂದು ಚಿಟಿಕೆ ಪದಾರ್ಥಕ್ಕೆ ಹಚ್ಚಿದರೂ ಅಪರಾಧ, ಅದನ್ನು ತಿಂದು ಯಾರಿಗಾದರೂ ಏನಾದರೂ ಆದರೆ ಕೈಗೆ ಬೇಡಿ ಬೀಳುವುದು ನಂಬರು ಇದ್ದವಳಿಗೆ. ಸ್ಟಿಕ್ಕರು ಹೊರಗೆ ಹೋಗಿಲ್ಲ ಎಂದು ಆಣೆ ಮಾಡಿ ಹೇಳಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಬಳೆ ಸದ್ದಾಯಿತು.

ನೀಲಾಬಾಯಿ ಚೌಕಟ್ಟು ಹಿಡಿದುಕೊಂಡು ಹಾಗೇ ಕೆಳಗೆ ಕುಸಿದು ಕೂತಿದ್ದಳು.

ಸ್ಟಿಕ್ಕರಿನ ಒಂದು ಕಟ್ಟನ್ನು ತಾನು ಬೋರಾಮಣಿಯ ಚಂದ್ರಭಾಗಾಳಿಗೆ ಕೊಟ್ಟೆ ಎಂದಳು. ಚಂದ್ರಭಾಗಾ ಅವಳ ತವರೂರ ಗೆಳತಿ, ಕುರಿ ಕಾಯುವ ಮನೆತನದವಳು, ಒಟ್ಟಿಗೆ ಮೈಲಾರನ ನೇಮ ಹಿಡಿದವಳು. ನಾನೂ ನಾಲ್ಕು ಪ್ಯಾಕೆಟ್ಟು ಚಟ್ನಿ ಮಾರುತ್ತೇನೆ, ನಂಬರಿಲ್ಲದೆ ಅಂಗಡಿಯವರು ಇಟ್ಟುಕೊಳ್ಳುವುದಿಲ್ಲ ಎಂದು ಕಣ್ಣೀರು ಹಾಕಿದ್ದಳಂತೆ.

“ಹೆಪ್ಪು ಕೇಳಾಕ ಬಂದವರಿಗಿ ಇಲ್ಲ ಅಂತೀವೇನು? ಹಂಗ ತಿಳದು ಕೊಟ್ಟೆ, ಮನೀಷಾ. ನಂಬರ ಕೊಟ್ರ ನಮ್ಮದೇನು ಸವೀತದ ಅಂದೆ” ಎಂದು ನೀಲಾಬಾಯಿ ಸೊಸೆಯ ಮುಖ ನೋಡಲಾರದೆ ಒರಳನ್ನು ನೋಡುತ್ತ ಹೇಳಿದಳು.

ಮನೀಷಾಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆ ಬಿಟ್ಟು ಹೇಳಬೇಕೆಂದರೆ ಅವಳಿಗೆ ಸಮಾಧಾನವೇ ಆಯಿತು. ಇದು ಚಂದ್ರಭಾಗಾಳ ಮನೆಯದಾದರೆ ತನ್ನದಲ್ಲ. ತನ್ನದಲ್ಲದಿದ್ದರೆ ತಾನು ಕೊಂದಿಲ್ಲ. ದಂಡ ಕಟ್ಟಬಹುದು, ನಂಬರು ಹೋಗಬಹುದು, ಜೈಲು ತಪ್ಪುತ್ತದೆ. ಇನ್ನೊಬ್ಬ ಹೆಂಗಸು ಜೈಲಿಗೆ ಹೋಗಲಿ ಎಂದು ತಾನು ಹಾರೈಸುತ್ತಿದ್ದೇನೆ ಎಂಬುದು ಹೊಳೆದಾಗ ಅವಳಿಗೆ ತನ್ನ ಬಗ್ಗೆಯೇ ಅಸಹ್ಯ ಹುಟ್ಟಿತು.

ಶ್ರದ್ಧಾ ತಡಮಾಡಲಿಲ್ಲ. ಉಳಿದ ಪ್ಯಾಕೆಟ್ಟುಗಳನ್ನೆಲ್ಲ ಚೀಲಕ್ಕೆ ಹಾಕಿಸಿ ಮೊಹರು ಮಾಡಿಸಿದಳು. ತಾನು ಹೇಳುವ ತನಕ ಈ ಅಡುಗೆಮನೆಯಿಂದ ಒಂದು ಕಾಳೂ ಹೊರಗೆ ಹೋಗಕೂಡದು ಎಂದು ನೀಲಾಬಾಯಿಗೆ ತಾಕೀತು ಮಾಡಿದಳು. ಶೈಲೇಶ ಕಲ್ಯಾಣಪ್ಪನ ಮಣ್ಣಿಗೆಂದು ನಸುಕಿನಲ್ಲೇ ಹೊರಟು ಹೋಗಿದ್ದ. ಮನೀಷಾ ಚಪ್ಪಲಿ ಮೆಟ್ಟಿ ಜೀಪು ಹತ್ತಿದಳು.

ವಿಜಾಪುರ ರಸ್ತೆಯ ಗದ್ದಲ ಹಿಂದೆ ಬಿದ್ದು, ಊರು ದಾಟಿ, ಎರಡೂ ಕಡೆ ಹುಲ್ಲಿನ ಮಾಳ ಕಾಣತೊಡಗಿತು. ಮನೀಷಾಳಿಗೆ ಕಲ್ಯಾಣಪ್ಪನದೇ ನೆನಪು. ತಾನು ಅಕ್ಕಲಕೋಟಕ್ಕೆ ಹೋದಾಗಲೆಲ್ಲ ಕಲ್ಯಾಣಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು, “ಬಾ ನನ್ನವ್ವ” ಎಂದು ಸ್ಟೂಲು ಹಾಕುತ್ತಿದ್ದ. ಅವನೇ ಅವಳ ಮೊದಲ ಪೆಟ್ಟಿಗೆಯನ್ನು ಅಂಗಡಿಯಲ್ಲಿಟ್ಟವನು. ಅವನ ಬಾಯಿಗೆ ವಿಷ ಹೋಯಿತು, ಅದೂ ತನ್ನ ಹೆಸರು ಹೊತ್ತ ಪ್ಯಾಕೆಟ್ಟಿನಿಂದ.

ಬೋರಾಮಣಿಯಲ್ಲಿ ಚಂದ್ರಭಾಗಾಳ ಮನೆ ಊರಂಚಿಗಿತ್ತು, ಪಕ್ಕದಲ್ಲೇ ಕುರಿದೊಡ್ಡಿ. ಜೀಪಿನ ಸದ್ದಿಗೆ ಹೊರಗೆ ಬಂದವಳು ಖಾಕಿ ಕಂಡೊಡನೆ ಬಾಗಿಲಿಗೆ ಅಡ್ಡ ನಿಂತಳು. ಎರಡೂ ಕೈಯಿಂದ ಚೌಕಟ್ಟು ಹಿಡಿದಳು.

ಶ್ರದ್ಧಾ ಸ್ಟಿಕ್ಕರಿನ ಮಾತೆತ್ತಿದಳು. ಚಂದ್ರಭಾಗಾ ಯಾವ ಸ್ಟಿಕ್ಕರು ಎಂದಳು. ನೀಲಾಬಾಯಿ ಕೊಟ್ಟದ್ದು ಎಂದರೆ, ನೀಲಾ ಭೇಟಿಯಾಗಿ ವರ್ಷವಾಯಿತು ಎಂದಳು. ಹಾಗಾದರೆ ಅಡುಗೆಮನೆ ತೋರಿಸು ಎಂದರೆ, ಒಳಗೆ ಬಾಣಂತಿ ಇದ್ದಾಳೆ ಎಂದಳು. ಬಾಣಂತಿಯ ಕೂಸಿನ ಸದ್ದಾಗಲಿ, ಲೋಬಾನದ ವಾಸನೆಯಾಗಲಿ ಎಲ್ಲೂ ಇರಲಿಲ್ಲ. ಮುದುಕಿಗೆ ಸುಳ್ಳು ಹೇಳುವ ರೂಢಿ ಇರಲಿಲ್ಲ, ಕಣ್ಣು ಎಲ್ಲಿ ಇಡಬೇಕೆಂದೂ ತಿಳಿಯುತ್ತಿರಲಿಲ್ಲ.

ಮನೀಷಾ ಮುಂದೆ ಬಂದು ಅವಳ ಕೈ ಹಿಡಿದಳು.

“ಮಾವಶಿ, ಒಬ್ಬಾವ ಸತ್ತಾನ. ನಂಬರ ನನ್ನ ಹೆಸರಿಗದ. ನೀ ಸುಮ್ಮಿದ್ರ ಇವರು ನನ್ನ ಒಯ್ತಾರ.”

“ಖರೇ ಹೇಳಿದ್ರ ನನ್ನ ಒಯ್ತಾರಲ್ಲವ್ವ.”

“ನೀ ಮಾಡೀಯೇನು ಹಂಗಾರ?”

ಚಂದ್ರಭಾಗಾ ಅವಳನ್ನೇ ನೋಡಿದಳು. ಮನೀಷಾ ಕೈ ಬಿಡಲಿಲ್ಲ. ಹೌದು ಎನ್ನಲಿ ಎಂದು ಅವಳ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು.

ಕೊನೆಗೆ ಚಂದ್ರಭಾಗಾ ಚೌಕಟ್ಟು ಬಿಟ್ಟು ಒಳಗೆ ಹೋದಳು. ಹೋಗುವಾಗ ಇಬ್ಬರನ್ನೂ ಒಳಗೆ ಬನ್ನಿ ಎಂದು ಕರೆದಳು. ದೇವರ ಜಗುಲಿಯ ಮೇಲೆ ಕುರಿಗಾರರ ದೇವರು ಬೀರೋಬಾನ ಪಕ್ಕ, ತಗಡಿನಲ್ಲಿ ಮೂಡಿಸಿದ ಮೈಲಾರನ ಹಿತ್ತಾಳೆಯ ಟಾಕು. ಅದರ ಹಿಂದಿನಿಂದ ಕೆಂಪು ಬಟ್ಟೆಯ ಗಂಟು ತೆಗೆದು, ಬಿಚ್ಚಿ, ಶ್ರದ್ಧಾಳ ಕೈಗಿಟ್ಟಳು. ಸ್ಟಿಕ್ಕರಿನ ಕಟ್ಟು. ಮೇಲೆ ಭಂಡಾರದ ಅರಿಸಿನ ಮೆತ್ತಿತ್ತು.

“ಹಚ್ಚಬೇಕಂತ ಕುಂತೆ. ಕೈ ಬರಲಿಲ್ಲ. ನಂಬರ ಮಂದೀದು, ಒಲಿ ನಂದು. ಮೈಲಾರ ನೋಡ್ತಾನ ಅನಿಸ್ತು. ತಿರುಗಿ ಕೊಡಾಕ ನಾಚಿಕಿ ಆತು.”

ಮಗ ಗುರುಸಿದ್ಧ ಪೇಪರಿನಲ್ಲಿ ಸುದ್ದಿ ಓದಿ ಹೇಳಿದಾಗಿನಿಂದ ತನಗೆ ಅನ್ನ ಇಳಿದಿಲ್ಲ ಎಂದು ಅವಳು ನೆಲಕ್ಕೆ ಕೂತಳು. ಪೊಲೀಸರು ಬಂದರೆ ಸ್ಟಿಕ್ಕರು ನೋಡಿಲ್ಲವೆಂದೇ ಹೇಳು ಎಂದು ಅವನೇ ಕಲಿಸಿದ್ದನಂತೆ.

ಮನೀಷಾ ಕಟ್ಟನ್ನು ನೋಡಿದಳು. ಪ್ರೆಸ್ಸಿನವರು ಸುತ್ತಿ ಅಂಟಿಸಿದ ಕಾಗದದ ಪಟ್ಟಿ ಎಲ್ಲೂ ಹರಿದಿರಲಿಲ್ಲ. ಒಂದೇ ಒಂದು ಸ್ಟಿಕ್ಕರೂ ಹೊರಗೆ ಬಂದಿರಲಿಲ್ಲ. ಶ್ರದ್ಧಾ ಇಲ್ಲಿನ ಒರಳನ್ನೂ ಮೂಸಿ ಬಂದು ತಲೆ ಅಲ್ಲಾಡಿಸಿದಳು. ಇಲ್ಲಿಯೂ ಬೆಳ್ಳುಳ್ಳಿ ಇಲ್ಲ. ಇಲ್ಲಿಯೂ ಅದೇ ನೇಮ.

ಹಾಗಾದರೆ ಆ ಪ್ಯಾಕೆಟ್ಟು ಎಲ್ಲಿಯದು? ಮನೀಷಾಳಿಗೆ ಒಂದು ಬಾಗಿಲು ತೆರೆದಿತ್ತು, ಅದೂ ಮುಚ್ಚಿತು. ಸ್ಟಿಕ್ಕರು ತನ್ನ ಮನೆಯಿಂದಲೇ ಹೋಗಿದೆ. ಒಳಗಿನದು ಮಾತ್ರ ತನ್ನ ಮನೆಯದಲ್ಲ. ಬೆಳ್ಳುಳ್ಳಿ ತಿನ್ನುವವರು ಯಾರೋ ಮಾಡಿ ತುಂಬಿದ್ದಾರೆ. ಅದೊಂದೇ ಎಳೆಯನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ಶ್ರದ್ಧಾಳ ಫೋನು ಬಂತು. ಅವಳು ಮರಾಠಿಯಲ್ಲಿ ಹ್ಞೂಂಗುಡುತ್ತ ಅಂಗಳಕ್ಕೆ ಹೋದಳು. ಮೊದಲು ನಿಂತು ಕೇಳಿದಳು, ಆಮೇಲೆ ಈ ಕಡೆ ತಿರುಗಿ ಮನೀಷಾಳನ್ನೇ ನೋಡುತ್ತ ಕೇಳಿದಳು. ಆ ನೋಟ ಮನೀಷಾಳಿಗೆ ಹಿಡಿಸಲಿಲ್ಲ.

“ಲ್ಯಾಬಿನವರು” ಎಂದಳು ಶ್ರದ್ಧಾ ಒಳಗೆ ಬಂದು. “ಚಟ್ನ್ಯಾಗ ಬಳ್ಳೊಳ್ಳಿ ಇಲ್ಲಂತ್ರಿ. ಒಂದು ಎಸಳೂ ಇಲ್ಲಂತ.”

“ನಾವಿಬ್ಬರೂ ವಾಸನಿ ತಗೊಂಡೇವಲ್ಲ ಮೇಡಂ.”

“ಅದು ವಿಷದ ವಾಸನಿ. ಕಾಳಿಗಿ ಹುಳ ಬೀಳಬಾರದಂತ ಇಡ್ತಾರಲ್ಲ, ಆ ಗುಳಿಗಿ. ಅದರ ವಾಸನಿ ಬಳ್ಳೊಳ್ಳಿ ಇದ್ದಂಗ ಇರ್ತದಂತ. ಚಟ್ನಿ ಬರೇ ಶೇಂಗಾ, ಖಾರ, ಜೀರಿಗಿ, ಉಪ್ಪು. ನಿಮ್ಮ ಸ್ಟಿಕ್ಕರಿನ ಮ್ಯಾಲ ಬರದದ್ದ ಅದ.”

ತಿಂಗಳುಗಟ್ಟಲೆ ಬೆಳ್ಳುಳ್ಳಿ ಬಿಟ್ಟ ಮನೀಷಾಳ ಮೂಗು ಎಲ್ಲೆಲ್ಲೂ ಬೆಳ್ಳುಳ್ಳಿಯನ್ನೇ ಹುಡುಕಿತ್ತು. ನೇಮವೇ ತನ್ನನ್ನು ಉಳಿಸಿತು ಎಂದುಕೊಂಡಿದ್ದಳು. ಆ ನೇಮವೇ ಈಗ ಸಾಕ್ಷಿಯಾಗಿ ಎದುರು ನಿಂತಿತು. ಸೊಲ್ಲಾಪುರ ಊರ ತುಂಬ ಚಟ್ನಿ ಮಾಡುತ್ತಾರೆ, ಎಲ್ಲರದರಲ್ಲೂ ಬೆಳ್ಳುಳ್ಳಿ ಇರುತ್ತದೆ. ಅಂಗಡಿಗೆ ಹೋಗುವ ಬೆಳ್ಳುಳ್ಳಿ ಇಲ್ಲದ ಚಟ್ನಿ ತನ್ನ ಮನೆಯದೊಂದೇ. ಅದನ್ನು ತಾನೇ ಬಾಯಿ ಬಿಟ್ಟು ಪೊಲೀಸಿಗೆ ಹೇಳಿದ್ದಳು.

“ನಾ ಹಾಕಿಲ್ಲ್ರಿ” ಎಂದಳು.

ಚಂದ್ರಭಾಗಾ ತಂದುಕೊಟ್ಟ ನೀರನ್ನು ಶ್ರದ್ಧಾ ಮನೀಷಾಳ ಕೈಗೆ ಕೊಟ್ಟು ಕುಡಿಯುವ ತನಕ ಕಾದಳು. ಆಮೇಲೆ ಮೆತ್ತಗೆ ಕೇಳತೊಡಗಿದಳು. ಮೆತ್ತಗಿನ ದನಿಗೇ ಮನೀಷಾ ಹೆಚ್ಚು ಅಂಜಿದಳು.

ಅಂಥ ಗುಳಿಗೆ ನಿಮ್ಮಲ್ಲಿ ಎಲ್ಲಿದೆ? ಅಡುಗೆಮನೆಯಲ್ಲಿ ಇಲ್ಲ, ಕಂದಲಗಾಂವದ ಹೊಲದ ಖೋಲಿಯಲ್ಲಿದೆ ಎಂದಳು ಮನೀಷಾ. ಶೇಂಗಾ ಚೀಲ ಇಡುವುದು ಅಲ್ಲಿಯೇ. ಆ ಖೋಲಿಗೆ ಯಾರು ಹೋಗುತ್ತಾರೆ? ಬೀಗ ಇದೆ, ಯಾರೂ ಹೋಗುವುದಿಲ್ಲ. ಕೀಲಿ ಯಾರ ಹತ್ತಿರ?

ಮನೀಷಾ ಉತ್ತರ ಕೊಡುವ ಮುಂಚೆಯೇ ಮುಂದಿನ ಪ್ರಶ್ನೆ ಅವಳಿಗೆ ತಿಳಿದುಹೋಯಿತು. ಅದು ಬರಬಾರದು ಎಂದು ಅವಳು ಲೋಟವನ್ನು ಒತ್ತಿ ಹಿಡಿದಳು.

“ನಮ್ಮ ಮನ್ಯಾವರ ಕಡಿ.”

“ಪೆಟ್ಟಿಗಿ ಅಕ್ಕಲಕೋಟಕ್ಕ ಯಾರು ಒಯ್ದಿದ್ರು?”

ಶೈಲೇಶನೇ ಒಯ್ದಿದ್ದ. ಯಾವಾಗಲೂ ಅವನೇ ಒಯ್ಯುತ್ತಾನೆ. ಮನೀಷಾಳೂ ಆಗಾಗ ಜೊತೆಗೆ ಹೋಗುತ್ತಿದ್ದಳು, ಆ ದಿನ ಮಾತ್ರ ತಾನೂ ಬರುತ್ತೇನೆ ಎಂದರೆ ಅವನು ಬೇಡ ಎಂದಿದ್ದ. ಕಲ್ಯಾಣಪ್ಪ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಶೈಲೇಶ ಮಂಚದ ಪಕ್ಕ ಬಿಟ್ಟು ಏಳಲಿಲ್ಲ. ಹೊಟ್ಟೆಯ ಮಗ ಮಾಡದಷ್ಟು ಮಾಡಿದ ಎಂದು ಅಕ್ಕಲಕೋಟದವರೆಲ್ಲ ಹೊಗಳಿದ್ದರು. ಮುದುಕನಿಗೆ ಎಚ್ಚರ ಬಂದರೆ ಏನು ಹೇಳುತ್ತಾನೋ ಎಂದು ಕಾಯುತ್ತ ಕೂತಿದ್ದನೇ? ಛೇ, ಎಂಥ ಯೋಚನೆ. ತನ್ನ ಗಂಡನ ಬಗ್ಗೆ ತಾನೇ ಹೀಗೆ ಯೋಚಿಸುವುದೇ? ಆದರೆ ಒಮ್ಮೆ ಬಂದ ಯೋಚನೆ ಎಬ್ಬಿಸಿದರೂ ಏಳಲಿಲ್ಲ.

ಗಂಡನಿಗೆ ಫೋನು ಮಾಡಿ ಎಂದಳು ಶ್ರದ್ಧಾ. ಸ್ಪೀಕರು ಹಾಕಿರಿ, ಎಲ್ಲಿದ್ದೀರಿ ಎಂದಷ್ಟೇ ಕೇಳಿ, ಬೇರೆ ಮಾತು ಬೇಡ.

ಶೈಲೇಶನ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದರೂ ಎತ್ತಲಿಲ್ಲ. ಮನೆಯಲ್ಲಿ ಅತ್ತೆಗಾದರೂ ಗೊತ್ತಿರಬಹುದೆಂದು ಮನೀಷಾ ನೀಲಾಬಾಯಿಗೆ ಮಾಡಿದಳು. ಅವಳು ಕೂಡಲೇ ಎತ್ತಿದಳು. ಹಿಂದೆ ಜನರ ಗಲಗಲ, ತಾಟಿನ ಸದ್ದು.

“ಅತ್ತಿ, ಎಲ್ಲಿದ್ದೀರಿ?”

ಅಕ್ಕಲಕೋಟದಲ್ಲಿ, ಕಲ್ಯಾಣಪ್ಪನ ಮನೆಯಲ್ಲಿ ಎಂದಳು ನೀಲಾಬಾಯಿ. ನೀವು ಹೋದ ಬೆನ್ನಿಗೇ ಶೈಲು ಬುತ್ತಿಗೆಂದು ತಿರುಗಿ ಬಂದು ಗಾಡಿಯಲ್ಲಿ ಕೂರಿಸಿಕೊಂಡು ಬಂದ. ನಾವು ಬರುವಷ್ಟರಲ್ಲಿ ಮಣ್ಣಾಗಿತ್ತು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಬೇಕಾದವರು ಬುತ್ತಿ ಒಯ್ಯಬೇಕು. ಕಲ್ಯಾಣಪ್ಪನಿಗೆ ನಾವು ಒಯ್ಯದೆ ಇನ್ಯಾರು ಒಯ್ಯಬೇಕು?

ಶ್ರದ್ಧಾ ಮನೀಷಾಳ ಭುಜದ ಮೇಲೆ ಕೈ ಇಟ್ಟು, ಕೇಳು ಎಂದು ಸನ್ನೆ ಮಾಡಿದಳು.

“ಬುತ್ತಿ ಎಲ್ಲಿಂದು, ಅತ್ತಿ?”

“ಅಂಜಬ್ಯಾಡ ಮಗಳ. ನಮ್ಮ ಅಡಗಿಮನ್ಯಾಂದು ಒಂದು ಕಾಳೂ ತಂದಿಲ್ಲ. ಮೇಡಂ ಹೇಳಿದ್ದು ಮೀರತೀನೇನು? ರೊಟ್ಟಿ ಓಣ್ಯಾಗ ಗುರಮ್ಮ ಬಡದು ಕೊಟ್ಟಳು. ಚಟ್ನಿ ಶೈಲುನ ತಂದಾನ. ಕಂದಲಗಾಂವದ ಖೋಲ್ಯಾಗ ಕುಟ್ಟಿ ಇಟ್ಟಿದ್ದನಂತ.”

ಶ್ರದ್ಧಾ ಆಗಲೇ ಜೀಪಿನ ಕಡೆ ಓಡುತ್ತಿದ್ದಳು. ಇನ್ನೊಂದು ಫೋನಿನಲ್ಲಿ ಅಕ್ಕಲಕೋಟದ ಠಾಣೆಯನ್ನು ಹಿಡಿಯುತ್ತಿದ್ದಳು. ಮನೀಷಾ ಎರಡೂ ಕೈಯಿಂದ ಫೋನನ್ನು ಬಾಯಿಗೆ ಒತ್ತಿಕೊಂಡಳು.

“ಅತ್ತಿ, ಯಾರಿಗೂ ಚಟ್ನಿ ನೀಡಬ್ಯಾಡ್ರಿ. ಕೇಳಸ್ತೇನು? ಚಟ್ನಿ ತಗೀರಿ ಅಲ್ಲಿಂದ.”

“ಏನಂದಿ? ಗದ್ದಲದಾಗ ಕೇಳಸೂದಿಲ್ಲ. ಎಲ್ಲಾರೂ ಊಟಕ್ಕ ಕುಂತಾರ. ಹೆಣ್ಣಮಕ್ಕಳೂ ಕುಂತಾರ. ಶೈಲು ಒಬ್ಬನ ಒಲ್ಲೆ ಅಂದ, ಹಸಿವಿಲ್ಲಂತ. ತಡಿ, ಬಂದ ನೋಡು, ಅವನ ಕೈಯಾಗ ಕೊಡ್ತೀನಿ.”

ಫೋನು ಕೈ ಬದಲಾಯಿಸಿದ ಸದ್ದಾಯಿತು. ತಾಟುಗಳ ಸದ್ದು ದೂರವಾಯಿತು, ಒಂದು ಬಾಗಿಲು ಮುಚ್ಚಿತು. ಆಮೇಲೆ ಶೈಲೇಶನ ದನಿ ಬಂತು. ದಿನಾ ಮನೆಗೆ ಬಂದು ನೀರು ಕೇಳುವ ಅದೇ ದನಿ.

“ಮನೀಷಾ, ನಿನ್ನ ಬಾಜೂಕ ಯಾರದಾರ?”